ಬಸ್ಸಿನಿಂದಿಳಿದ ಹತ್ತನೆಯವ

ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಆರು ದಿನ ನಿಂತು, ಬಸ್ಸಿನಿಂದ ಇಳಿದವರನ್ನು ತಡೆದು ‘ಯಾಕ ಬಂದೀರಿ?’ ಎಂದು ಕೇಳುವ ಕೆಲಸ ನಾನು ಮಾಡಿದ್ದೇನೆ. ಇಷ್ಟು ಅಧಿಕಪ್ರಸಂಗದ ಕೆಲಸವನ್ನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ನಾನು ಅದೇ ಊರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕಿ. ಆ ವರ್ಷ ಬೇಸಿಗೆ ರಜೆಯಲ್ಲಿ ಹುಮನಾಬಾದು, ಬಸವಕಲ್ಯಾಣ ಎರಡೂ ಊರಿಗೆ ಸೇರಿಸಿ ಒಂದು ಅಭಿವೃದ್ಧಿ ಯೋಜನೆ ತಯಾರಿಸಲು ಭೋಪಾಲದ ಕಡೆಯಿಂದ ಒಬ್ಬ ಮೇಡಂ ಬಂದರು. ನಗರ ಯೋಜನೆ ಓದಿದವರು, ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಸ್ಥಳೀಯ ಸಹಾಯಕಿಯಾಗಿ ನನ್ನನ್ನು ತೆಗೆದುಕೊಂಡರು.

ಮೇಡಂ ಅವರ ಮೊದಲ ತೊಂದರೆ ಜನಗಣತಿ. ಕೈಯಲ್ಲಿದ್ದ ಅಂಕಿಗಳು ಹತ್ತು ವರ್ಷ ದಾಟಿ ಹಳಸಿದ್ದವು, ಹೊಸ ಗಣತಿ ಮುಂದೆ ಮುಂದೆ ಹೋಗುತ್ತಿತ್ತು. ಹಳೆಯ ಅಂಕಿಗಳನ್ನು ಮುಂದಕ್ಕೆ ಎಳೆದು ಇವತ್ತಿನ ಜನಸಂಖ್ಯೆ ಅಂದಾಜು ಮಾಡಲು ಅವರ ಬಳಿ ಮೂರು ಸೂತ್ರಗಳಿದ್ದವು. ಮೂರರಿಂದ ಮೂರು ಬಸವಕಲ್ಯಾಣ ಹುಟ್ಟಿದವು. ಒಂದು ಓಡುತ್ತಿತ್ತು, ಒಂದು ನಡೆಯುತ್ತಿತ್ತು, ಒಂದು ಕೂತುಬಿಟ್ಟಿತ್ತು.

“ಅಷ್ಟೇ ಅಲ್ಲ, ಗಣತಿ ಹೇಳುವುದು ಜನ ಎಲ್ಲಿ ಮಲಗುತ್ತಾರೆ ಎಂದು. ಊರು ನಡೆಯುವುದು ಅವರು ಹಗಲು ಎಲ್ಲಿರುತ್ತಾರೆ ಎನ್ನುವುದರ ಮೇಲೆ. ಯಾರು ಯಾವ ಊರಿಗೆ ಯಾಕೆ ಹೋಗುತ್ತಾರೆ, ಅದು ಗೊತ್ತಾಗಬೇಕು” ಎಂದರು ಮೇಡಂ.

ಹಾಗೆ ನಾವು ಬಸ್‌ಸ್ಟ್ಯಾಂಡಿಗೆ ಬಂದು ನಿಂತೆವು. ನಿಯಮ ಸರಳ. ಬಸವಕಲ್ಯಾಣದ ಬಸ್ಸಿನಿಂದ ಇಳಿಯುವವರಲ್ಲಿ ಪ್ರತಿ ಹತ್ತನೆಯವರನ್ನು ಕೇಳಬೇಕು. ಹಿಂದಿನ ಬಾಗಿಲು ನನಗೆ, ಮುಂದಿನ ಬಾಗಿಲು ಮೇಡಂಗೆ. ಉತ್ತರಕ್ಕೆ ಕಾಲಂಗಳಿದ್ದವು: ಕೆಲಸ, ಶಿಕ್ಷಣ, ಆರೋಗ್ಯ, ಖರೀದಿ, ಹೀಗೆ.

ಮೊದಲ ಬಸ್ಸಿಗೇ ಎಡವಟ್ಟಾಯಿತು. ಮೇಡಂ ಶುದ್ಧ ಹಿಂದಿಯಲ್ಲಿ ‘ನಿಮ್ಮ ಯಾತ್ರೆಯ ಉದ್ದೇಶವೇನು’ ಎಂದು ಒಬ್ಬ ರೈತನನ್ನು ಕೇಳಿದರು. ಅವನು ಹೆಗಲ ಮೇಲಿನ ಪಂಪ್‌ಸೆಟ್ಟಿನ ಮೋಟರು ಕೆಳಗಿಳಿಸಿ, “ಯಾತ್ರಾಕ್ಕ ಹೊಂಟಿಲ್ರಿ ಅಕ್ಕಾರ, ಮೋಟರ್ ಸುಟ್ಟೈತಿ, ವೈಂಡಿಂಗ್ ಮಾಡ್ಸಾಕ ಬಂದೀನಿ. ಯಾತ್ರಾ ಶ್ರಾವಣದಾಗ ನೋಡೋಣು” ಎಂದ. ಅದರ ನಂತರ ಬಂದ ಅಜ್ಜಿ ಯಾತ್ರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ತನ್ನ ಹೆಸರನ್ನೂ ಬರೆದುಕೊಳ್ಳಿ, ಕಿಟಕಿ ಸೀಟು ಬೇಕು ಎಂದು ಕೂತುಬಿಟ್ಟಳು. ಅವಳನ್ನು ಎಬ್ಬಿಸಿ ಕಳಿಸುವಷ್ಟರಲ್ಲಿ ಎರಡು ಬಸ್ಸು ಖಾಲಿಯಾಗಿ ಹೋಗಿದ್ದವು. ನಾನು ಮೇಡಂಗೆ ನಮ್ಮ ಕಡೆಯ ದಖನಿ ಕಲಿಸಿದೆ: “ಕಾಯ್ಕು ಆಯೇ ಜೀ?” ಯಾಕ ಬಂದೀರಿ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಅವರು ಅದನ್ನು ಹುಮನಾಬಾದಿನಲ್ಲೇ ಹುಟ್ಟಿದವರ ಹಾಗೆ ಅನ್ನತೊಡಗಿದರು.

ಇನ್ನೊಂದು ತೊಂದರೆ ಮುದುಕರದು. ಅವರು ನಿಲ್ಲುತ್ತಲೇ ಇರಲಿಲ್ಲ. ಟ್ಯಾಬ್ ಹಿಡಿದ ಹೆಣ್ಣುಮಕ್ಕಳನ್ನು ಕಂಡರೆ ಏನೋ ಮಾರಲು ಬಂದಿದ್ದಾರೆ ಎಂದು ಕೈಬೀಸಿ ಹೋಗಿಬಿಡುತ್ತಿದ್ದರು. ಆದರೆ ಸಂಜೆ ಮೇಡಂ ಖುಷಿಯಲ್ಲಿದ್ದರು. “ನನ್ನ ಬಾಗಿಲಿಗೆ ಒಬ್ಬ ಅಂಕಲ್ ಸಿಕ್ಕರು. ಎಷ್ಟು ಚೆನ್ನಾಗಿ ಉತ್ತರ ಹೇಳಿದರು ಗೊತ್ತಾ? ಕುಳಿತು, ನೀರು ಕುಡಿದು, ವಿವರವಾಗಿ.”

ಎರಡನೆಯ ದಿನವೂ ಆ ಅಂಕಲ್ ಸಿಕ್ಕರಂತೆ. ಮೂರನೆಯ ದಿನವೂ. “ಅದೇ ಮನುಷ್ಯನನ್ನು ಮತ್ತೆ ಮತ್ತೆ ಕೇಳಬಹುದಾ?” ಎಂದು ನಾನು ಕೇಳಿದೆ. “ನಾವು ಎಣಿಸುವುದು ಮನುಷ್ಯರನ್ನಲ್ಲ, ಪ್ರಯಾಣಗಳನ್ನು. ಹತ್ತನೆಯವರಾಗಿ ಇಳಿದರೆ ಕೇಳಲೇಬೇಕು. ಅವರು ದಿನಾ ಹತ್ತನೆಯವರಾಗಿಯೇ ಇಳಿಯುತ್ತಾರೆ, ನಾನೇನು ಮಾಡಲಿ” ಎಂದರು ಮೇಡಂ. ಅದರಲ್ಲಿ ನನಗೇನೂ ವಿಚಿತ್ರ ಕಾಣಲಿಲ್ಲ. ಅರ್ಥಶಾಸ್ತ್ರ ಹೇಳುವವಳಿಗೆ ಕಾಣಬೇಕಿತ್ತು.

ಒಂದು ತಿಂಗಳ ಮೇಲೆ ಕರಡು ತಯಾರಾಯಿತು. ಬಸವಕಲ್ಯಾಣದ ಒಂದು ಕಲ್ಯಾಣ ಮಂಟಪದಲ್ಲಿ ಸಾರ್ವಜನಿಕರ ಸಭೆ. ಪರದೆಯ ಮೇಲೆ ಮೇಡಂ ಒಂದೊಂದೇ ಚಿತ್ರ ತೋರಿಸಬೇಕು, ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಬೇಕು. ಇನ್ನೂರು ಕುರ್ಚಿ ಹಾಕಿದ್ದರು, ಜನ ಅದಕ್ಕೂ ಹೆಚ್ಚು. ಹುಮನಾಬಾದಿನಿಂದಲೂ ಒಂದಷ್ಟು ವ್ಯಾಪಾರಿಗಳು ಬಂದು ಕಿಟಕಿಯ ಪಕ್ಕ ಕೂತಿದ್ದರು. ಮೂರನೆಯ ಸಾಲಿನಲ್ಲಿ ನನ್ನ ಸೋದರಮಾವ.

ಮಾವನ ಬಗ್ಗೆ ಇಲ್ಲಿ ಹೇಳಬೇಕು. ಅವನು ಮೂವತ್ತು ವರ್ಷಕ್ಕೂ ಮಿಕ್ಕಿ ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತನಾಗಿ ಬಸವಕಲ್ಯಾಣದಲ್ಲಿ ಮನೆ. ಬಸ್ಸಿಗೆ ಹತ್ತಿದನೆಂದರೆ ಈಗಲೂ ಕೂಡುವ ಮೊದಲು ಹಿಂದಿನಿಂದ ಮುಂದಿನವರೆಗೆ ಒಮ್ಮೆ ಕಣ್ಣು ಹಾಯಿಸಿ ತಲೆ ಎಣಿಸುತ್ತಾನೆ. ಕಂಡಕ್ಟರ್ ಹುಡುಗರು ತಪ್ಪಿದರೆ “ಹಿಂದಿನ ಸೀಟಿನಾಗ ಒಬ್ಬಾಂವ ಉಳದಾನ ನೋಡು” ಎನ್ನುತ್ತಾನೆ. ಅವರಿಗೆ ಅವನನ್ನು ಕಂಡರೆ ಅಂಜಿಕೆ. ಸಭೆಗೆ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದ. ಸೋದರಸೊಸಿ ಸ್ಟೇಜಿನ ಮೇಲೆ ನಿಲ್ಲುತ್ತಾಳೆ ಎಂದು ಅಕ್ಕಪಕ್ಕದವರಿಗೆ ಹೇಳಿಕೊಂಡಿದ್ದನಂತೆ.

ಮೊದಲ ಚಿತ್ರಕ್ಕೇ ನಾನು ಸಿಕ್ಕಿಬಿದ್ದೆ. ಬಸವಕಲ್ಯಾಣದವರು ಹುಮನಾಬಾದಿಗೆ ಹೋಗಿ ಖರೀದಿ ಮಾಡಿದರೆ ಇಲ್ಲಿನ ವ್ಯಾಪಾರ ಅಲ್ಲಿಗೆ ಹರಿದುಹೋಗುತ್ತದೆ, ಇದಕ್ಕೆ ಪುಸ್ತಕದಲ್ಲಿ ‘ಸೋರಿಕೆ’ ಎನ್ನುತ್ತಾರೆ. ನಾನು ಪುಸ್ತಕದಲ್ಲಿದ್ದಂತೆಯೇ, “ಬಸವಕಲ್ಯಾಣದಾಗ ಸೋರಿಕೆ ಭಾಳ ಐತಿ” ಎಂದೆ. ಎರಡನೆಯ ಸಾಲಿನ ಒಬ್ಬ ದೊಡ್ಡ ಮನುಷ್ಯರು ಎದ್ದು ನಿಂತರು.

“ಯಾವ ಓಣಿಯಾಗ್ರಿ? ಪೈಪ್‌ಲೈನ್ ರಿಪೇರಿ ಆಗಿ ತಿಂಗಳಾತು.”

“ನೀರಿನ ಸೋರಿಕೆ ಅಲ್ರಿ ಸಾಹೇಬ್ರ, ಗಿರಾಕಿಗಳ ಸೋರಿಕೆ.”

“ಗಿರಾಕಿ ಸೋರ್ತಾರೇನು?”

ಅವರನ್ನು ಕೂರಿಸಿ ಮುಂದೆ ಹೋದೆವು. ‘ತೇಲುವ ಜನಸಂಖ್ಯೆ’ ಎಂದಾಗ ಹಿಂದಿನಿಂದ ಯಾರೋ ಕೆರೆಯ ಕಡೆ ಕೈ ತೋರಿಸಿದರು. ಬೆಳಿಗ್ಗೆ ಬಂದು ಸಂಜೆ ಹೋಗುವವರು ಎಂದು ಬಿಡಿಸಿ ಹೇಳಿದೆ. ಆಮೇಲೆ ಬಂತು ಮೇಡಂ ಬಹಳ ಹೆಮ್ಮೆಯಿಂದ ಮಾಡಿದ್ದ ಚಿತ್ರ. ಅದಕ್ಕೆ ಅವರು ಮೂರು ಬಣ್ಣ ಹಾಕಿದ್ದರು. ನಾನು ಅದನ್ನು ಮೊದಲು ನೋಡಿರಲಿಲ್ಲ. ಓದುತ್ತಾ ಓದುತ್ತಾ ಹೇಳಿದೆ:

“ಬಸವಕಲ್ಯಾಣದ ಹಿರಿಯ ನಾಗರಿಕರು ದೊಡ್ಡ ಪ್ರಮಾಣದಾಗ ಹುಮನಾಬಾದಿಗೆ ಹೋಗಾಕತ್ತಾರ. ಕಾರಣಗಳು: ಹಲ್ಲಿನ ಚಿಕಿತ್ಸೆ. ಕಂಪ್ಯೂಟರ್ ತರಬೇತಿ. ಈಜು ಕಲಿಯುವುದು. ಉದ್ಯೋಗ ಹುಡುಕುವುದು. ಮತ್ತು ಹುಮನಾಬಾದಿನಲ್ಲೇ ನೆಲೆಸಲು ಮನೆ ಜಾಗ ನೋಡುವುದು.”

ಚಿತ್ರದ ಕೆಳಗೆ ಮೇಡಂ ಅವರ ಸಲಹೆಗಳಿದ್ದವು: ಹುಮನಾಬಾದಿನಲ್ಲಿ ಹಿರಿಯರಿಗಾಗಿ ಒಂದು ವಸತಿ ಬಡಾವಣೆ, ಪಕ್ಕದಲ್ಲಿ ಈಜುಕೊಳ.

ಆಮೇಲೆ ಎದ್ದ ಗದ್ದಲ ನನ್ನ ಕಿವಿಯಲ್ಲಿ ಇನ್ನೂ ಇದೆ. ನಿವೃತ್ತ ಹೆಡ್‌ಮಾಸ್ಟರರೊಬ್ಬರು ಕುರ್ಚಿಯ ಮೇಲೆ ಏರಿಯೇ ಬಿಟ್ಟರು. “ನಾವು ಕಲ್ಯಾಣದ ಮಂದಿ! ಈ ವಯಸ್ಸಿನಾಗ ಹುಮನಾಬಾದಿಗೆ ನೌಕರಿ ಕೇಳಾಕ ಹೋಗ್ತೀವೇನು? ಯಾರು ಹೇಳ್ಯಾರ ಇದನ್ನ?”

ಕಿಟಕಿಯ ಪಕ್ಕದಿಂದ ಹುಮನಾಬಾದಿನ ಒಬ್ಬ ವ್ಯಾಪಾರಿ, “ಬರ್ರಿ, ಬರ್ರಿ, ಸಿಟ್ಟಿಗ್ಯಾಕ ಏಳ್ತೀರಿ. ಜಾಗ ಭಾಳ ಐತಿ ನಮ್ಮಲ್ಲಿ. ಈಜಾಕೂ ಬರ್ರಿ” ಎಂದ. ಅದು ಬೆಂಕಿಗೆ ಎಣ್ಣೆ ಸುರಿದಂತಾಯಿತು.

ಮೇಡಂ ಏನೂ ಅರ್ಥವಾಗದೆ ನಗುತ್ತಾ ನಿಂತಿದ್ದರು. ಜನ ಇಷ್ಟು ಉತ್ಸಾಹದಿಂದ ಚರ್ಚಿಸುವುದನ್ನು ತಾನು ಬೇರೆಲ್ಲೂ ನೋಡಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ಸಹಾಯಕ್ಕಾಗಿ ಮಾವನ ಕಡೆ ನೋಡಿದೆ. ಮಾವ ನನ್ನನ್ನು ನೋಡುತ್ತಿರಲಿಲ್ಲ. ತನ್ನ ಚಪ್ಪಲಿ ನೋಡುತ್ತಿದ್ದ. ಎಡಗಾಲಿನದು ನೋಡಿದ, ಬಲಗಾಲಿನದು ನೋಡಿದ, ಮತ್ತೆ ಎಡಗಾಲಿನದು. ಆಗ ನನ್ನ ತಲೆಯಲ್ಲಿ ಸಿಡಿಲು ಹೊಡೆಯಿತು. ಮಾವ ದಿನಾ ಹತ್ತೂವರೆ ಬಸ್ಸಿಗೆ ಹುಮನಾಬಾದಿಗೆ ಬರುತ್ತಾನೆ. ಮುಂದಿನ ಬಾಗಿಲಿನಿಂದ ಇಳಿಯುತ್ತಾನೆ. ಹಿಂದಿನ ಬಾಗಿಲಲ್ಲಿ ತಲೆ ಎಣಿಸುತ್ತಿದ್ದ ನಾನು ಆ ಕಡೆ ನೋಡಿಯೇ ಇರಲಿಲ್ಲ.

ಚಹಾದ ಬಿಡುವು ಎಂದು ಘೋಷಿಸಿ ಕೆಳಗಿಳಿದೆ. ಮಿರ್ಚಿ ಭಜಿಯ ತಟ್ಟೆ ಹಿಡಿದು ಮೂಲೆಗೆ ಸರಿಯುತ್ತಿದ್ದ ಮಾವನನ್ನು ಹಿಡಿದೆ.

“ಮಾವಾ, ನಿನ್ನ ಹಲ್ಲಿಗೆ ಏನಾಗೇತಿ?”

“ಏನೂ ಆಗಿಲ್ಲ. ಮೂವತ್ತೆರಡೂ ಅದಾವ.”

“ಈಜು?”

ಮಾವ ಭಜಿಯನ್ನು ಸಾವಕಾಶ ಅಗಿದ. “ಯವ್ವಾ, ಒಂದ ಮಾತು ಕೇಳ್ತೀನಿ. ನಾ ಒಬ್ಬಾಂವ ಹೇಳೀನಿ. ಅಲ್ಲಿ ಪರದೆ ಮ್ಯಾಲ ಅಷ್ಟು ಮಂದಿ ಹ್ಯಾಂಗ ಆದ್ರು?”

ನಾನು ಅಲ್ಲೇ ನಿಂತು ವಿವರಿಸಿದೆ. ಎಲ್ಲರನ್ನೂ ಕೇಳಲು ಆಗುವುದಿಲ್ಲ, ಅದಕ್ಕೇ ಹತ್ತರಲ್ಲಿ ಒಬ್ಬರನ್ನು ಕೇಳುತ್ತೇವೆ. ಆ ಒಬ್ಬರು ಹತ್ತು ಮಂದಿಯ ಪರವಾಗಿ ಹೇಳಿದಂತೆ ಲೆಕ್ಕ. ನಾವು ಎಲ್ಲಾ ಬಸ್ಸಿಗೂ ನಿಲ್ಲುವುದಿಲ್ಲ, ಹಾಗಾಗಿ ಅದನ್ನು ಇನ್ನಷ್ಟು ಹಿಗ್ಗಿಸಬೇಕು. ಅದರ ಮೇಲೆ ಮುದುಕರು ಯಾರೂ ನಿಲ್ಲುತ್ತಿರಲಿಲ್ಲವಾದ್ದರಿಂದ, ನಿಂತ ಮುದುಕರ ಮಾತಿಗೆ ತೂಕ ಮತ್ತೂ ಹೆಚ್ಚು.

“ಅಂದ್ರ ನನ್ನ ಹಿಂದ ಎಷ್ಟು ಮಂದಿ ಅದಾರ ಈಗ?”

“ಸುಮಾರು ಎರಡು ಬಸ್ ತುಂಬ.”

“ಎರಡು ಬಸ್? ದಿನಾ?”

“ದಿನಾ.”

“ಒಂದ ಟಿಕೆಟ್ ಮ್ಯಾಲ?” ಅವನ ಮುಖ ಬಿಳಿಚಿತು. ಇಷ್ಟು ವರ್ಷದ ನೌಕರಿಯಲ್ಲಿ ಟಿಕೆಟ್ ಇಲ್ಲದವನೊಬ್ಬನನ್ನೂ ಕೂರಿಸಿಕೊಳ್ಳದ ಮನುಷ್ಯ. ಅವನು ಹಾಗೆ ನಿಂತದ್ದು ನೋಡಿ ನನ್ನ ಸಿಟ್ಟು ಇಳಿಯಿತು.

“ಯಾಕ ಹಾಂಗ ಮಾಡ್ದಿ ಮಾವಾ?”

ಅವನು ತಟ್ಟೆ ಕೆಳಗಿಟ್ಟು ಕೈ ಒರೆಸಿಕೊಂಡ. “ನೌಕರಿಯಾಗಿದ್ದಾಗ ದಿನಾ ಹೊತ್ತು ಹುಟ್ಟಿದ್ರ ಮುಳಗೂತನಕಾ ಮಂದಿಗೆ ಎಲ್ಲಿಗ್ರಿ, ಎಲ್ಲಿಗ್ರಿ ಅಂತ ಕೇಳ್ತಿದ್ದೆ. ರಿಟೈರ್ ಆದ ಮ್ಯಾಲ ನನಗ ಯಾರೂ ಎಲ್ಲಿಗ್ರಿ ಅಂದಿಲ್ಲ. ಮನ್ಯಾಗ ಸೈತ ಉಂಡೀರೇನು ಅಂತ ಕೇಳ್ತಾರ, ಅಷ್ಟಽ. ಆ ಹುಡುಗಿ ಬಿಸಲಾಗ ನಿಂತು ಕಾಯ್ಕು ಆಯೇ ಜೀ ಅಂದ್ಲು. ಎಷ್ಟ ಚಂದ ಕೇಳಿದ್ಲು! ದಿನಾ ಅದನ್ನಽ ಹೇಳಿದ್ರ ಆಕೀಗರೆ ಬ್ಯಾಸರ ಆಗೂದಿಲ್ಲೇನು? ಅದಕ್ಕ ದಿನಕ್ಕೊಂದು ಹೇಳಿದೆ.”

“ಹತ್ತನೇದವ ನೀನಽ ಹ್ಯಾಂಗ ಆಗ್ತಿದ್ದಿ ದಿನಾ?”

ಮಾವ ಆ ಕಷ್ಟದಲ್ಲೂ ಸ್ವಲ್ಪ ಬೀಗಿದ. “ಅದೇನ್ ದೊಡ್ಡ ಮಾತು. ಮೊದಲ ದಿನ ಅಕಸ್ಮಾತ್ ಆತು. ಆಕಿ ಬಾಯಾಗ ಎಣಸೂದು ಕಂಡೆ. ಮರುದಿನದಿಂದ ಇಳಿಯೂ ಮುಂದ ಒಬ್ಬರಿಬ್ಬರಿಗೆ ‘ನೀವು ಮುಂದ ಹೋಗ್ರಿ’ ಅಂತ ಬಿಟ್ಟುಕೊಟ್ಟೆ. ತಲಿ ಎಣಸೂದು ನನಗ ಕಲಸಬೇಕೇನು?”

ಬಿಡುವು ಮುಗಿಯಿತು. ಏನು ಮಾಡಬೇಕೆಂದು ನನಗೆ ತೋಚಿರಲಿಲ್ಲ. ಆ ಐದು ಸಾಲುಗಳನ್ನು ಸದ್ದಿಲ್ಲದೆ ತೆಗೆದುಹಾಕಲು ಮೇಡಂಗೆ ಆಮೇಲೆ ಹೇಳೋಣ ಎಂದುಕೊಂಡೆ. ಆದರೆ ಹೆಡ್‌ಮಾಸ್ಟರರು ಮತ್ತೆ ಕುರ್ಚಿ ಏರಿ, “ಆ ಹಿರಿಯ ನಾಗರಿಕರು ಯಾರು ಅಂತ ಹೆಸರು ಹೇಳ್ರಿ, ಇಲ್ಲಾಂದ್ರ ಸಭಾ ಮುಂದ ನಡ್ಯೂದಿಲ್ಲ” ಎಂದು ಹಟ ಹಿಡಿದರು.

ಮಾವ ಎದ್ದು ನಿಂತ. ಕೈಯನ್ನು ಅಭ್ಯಾಸಬಲದಿಂದ ಎಡಪಕ್ಕೆಗೆ ಒತ್ತಿಕೊಂಡ, ಅಲ್ಲಿ ಚೀಲ ಇನ್ನೂ ನೇತಾಡುತ್ತಿದೆಯೋ ಎಂಬಂತೆ.

“ಆ ಎರಡು ಬಸ್ ಮಂದಿ ನಾನಽ ಅದೀನ್ರಿ” ಎಂದ.

ಯಾರಿಗೂ ಅರ್ಥವಾಗಲಿಲ್ಲ. ಮಾವ ಸೋಮವಾರದಿಂದ ಶುರುಮಾಡಿ ಎಲ್ಲಾ ಹೇಳಿದ. ಹಲ್ಲು ಸೋಮವಾರ, ಕಂಪ್ಯೂಟರ್ ಮಂಗಳವಾರ, ಈಜು ಬುಧವಾರ, ನೌಕರಿ ಗುರುವಾರ, ಮನೆ ಜಾಗ ಶುಕ್ರವಾರ. ಬುಧವಾರಕ್ಕೆ ಬರುವ ಹೊತ್ತಿಗೆ ಮಂಟಪದ ಒಂದು ಭಾಗ ನಗತೊಡಗಿತ್ತು. ಶುಕ್ರವಾರಕ್ಕೆ ಹೆಡ್‌ಮಾಸ್ಟರರು ಕುರ್ಚಿಯಿಂದ ಇಳಿದು ಕಣ್ಣೊರೆಸಿಕೊಳ್ಳುತ್ತಿದ್ದರು. ಹುಮನಾಬಾದಿನ ವ್ಯಾಪಾರಿ ಮಾತ್ರ ಕೈಗೆ ಬಂದ ಬಡಾವಣೆ ತಪ್ಪಿದವನಂತೆ ಸಪ್ಪಗಾಗಿದ್ದ.

ಮೇಡಂ ನನ್ನ ತೋಳು ಜಗ್ಗಿದರು. “ಅಂಕಲ್ ಏನು ಹೇಳುತ್ತಿದ್ದಾರೆ?”

ನನ್ನ ಜೀವನದ ಅತ್ಯಂತ ಕಷ್ಟದ ಅನುವಾದ ಅದು. ಒಂದೊಂದೇ ದಿನದ್ದು ಹೇಳುತ್ತಾ ಹೋದೆ. ಮೇಡಂ ಅವರ ನಗು ಮೊದಲು ನಿಂತಿತು, ಆಮೇಲೆ ಅವರು ಮೇಜಿನ ಅಂಚಿಗೆ ಕೂತರು. ನನಗೆ ಅವರ ಮುಖ ನೋಡಲಾಗಲಿಲ್ಲ. ಒಂದು ತಿಂಗಳ ಕೆಲಸ. ಕೂತಲ್ಲಿಂದಲೇ ಅವರು ನೇರವಾಗಿ ಮಾವನನ್ನೇ ಕೇಳಿದರು, “ಶನಿವಾರ?”

ಮಾವನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. “ಶನಿವಾರದ್ದು ಖರೇ ಬೇಟಿ. ಚಾ ಕುಡ್ಯಾಕ ಬಂದೀನಿ ಅಂದಿದ್ದೆ.”

ಮೇಡಂ ಹಣೆಗೆ ಕೈ ಹಚ್ಚಿಕೊಂಡರು. “ಚಹಾಕ್ಕೆ ಕಾಲಂ ಇರಲಿಲ್ಲ. ಅದೊಂದನ್ನೇ ನಾನು ಅಳಿಸಿಹಾಕಿದ್ದು.” ಅಷ್ಟು ಹೇಳಿ ಅವರೂ ನಗತೊಡಗಿದರು. ನಗುವಿನಲ್ಲಿ ಸ್ವಲ್ಪ ಅಳುವೂ ಇತ್ತು ಎಂದು ನನಗೆ ಅನುಮಾನ.

ಅತ್ತೆಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಮನೆಗೆ ಹೋದ ಮಾವನಿಗೆ ಬಾಗಿಲಲ್ಲೇ, “ಈಜು ಕಲೀತೀರಂತ? ಮೊದಲ ಬಚ್ಚಲಾಗ ನೀರು ಕಾದಾವ, ಜಳಕಾ ಮಾಡ್ರಿ” ಎಂದಳು.

ಮಾವ ದಿನಾ ಚಹಾ ಕುಡಿಯಲು ಹೋಗುತ್ತಿದ್ದದ್ದು ಅವನ ಹಳೆಯ ಡ್ರೈವರ್ ಜೊತೆಗಾರನ ಬಳಿ. ನಾನು ಚಾಚಾ ಎಂದು ಕರೆಯುವ ಆ ಹಿರಿಯರ ಮನೆ ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹಿಂದೆಯೇ. ಇಬ್ಬರೂ ಹದಿನಾಲ್ಕು ವರ್ಷ ಒಂದೇ ಬಸ್ಸಿನಲ್ಲಿ ದುಡಿದಿದ್ದರು. ದಿನಾ ಸೇರಿ ದಿನಾ ಜಗಳಾಡುತ್ತಿದ್ದರು: ದಾರಿಯ ರಾಜೇಶ್ವರ ಊರಿನ ಹತ್ತಿರ ಒಮ್ಮೆ ಬೆಲ್ ತಡವಾಗಿ ಹೊಡೆದದ್ದೋ, ಬ್ರೇಕ್ ಬೇಗ ಹಾಕಿದ್ದೋ ಎಂಬ ವಿಚಾರ ಇನ್ನೂ ತೀರ್ಮಾನವಾಗಿರಲಿಲ್ಲ. ಮೇಡಂ ಇದನ್ನು ‘ಮನರಂಜನೆ’ ಎಂಬ ಕಾಲಂಗೆ ಹಾಕಬಹುದೇ ಎಂದು ಕೇಳಿದಾಗ ಮಾವನಿಗೆ ಸಿಟ್ಟೇ ಬಂತು. “ಮನರಂಜನೆ? ಅವನ ಮಾರಿ ನೋಡೂದು ಮನರಂಜನೇನ್ರಿ?”

ಮೇಡಂ ಐದು ಸಾಲು ತೆಗೆದು ಸುಮ್ಮನಾಗಬಹುದಿತ್ತು. ಆಗಲಿಲ್ಲ. “ಇವರೊಬ್ಬರು ಎದ್ದು ಹೇಳಿದರು. ಹೇಳದೆ ಉಳಿದವರು ಎಷ್ಟೋ” ಎಂದು, ಸಮೀಕ್ಷೆ ಮತ್ತೆ ಮಾಡಲು ಹೊರಟರು. ಈ ಸಲ ಮಾವನನ್ನೂ ಚಾಚಾನನ್ನೂ ಜೊತೆಗೆ ಕೂರಿಸಿಕೊಂಡರು. ಮುದುಕರನ್ನು ನಿಲ್ಲಿಸುವ ತೊಂದರೆ ಅಲ್ಲಿಗೇ ತೀರಿತು. ಇವರಿಬ್ಬರನ್ನು ಕಂಡು ಅವರೇ ಬಂದು ನಿಲ್ಲುತ್ತಿದ್ದರು. ಮಾವ ಕೇಳುವ ಮೊದಲೇ ಅರ್ಧ ಹೇಳಿಬಿಡುತ್ತಿದ್ದ. “ಕೈಯಾಗ ಎಕ್ಸ್‌ರೇ ಕವರ್, ದವಾಖಾನಿ. ಅಲ್ಲಿ ಪ್ಲಾಸ್ಟಿಕ್ ಚೀಲದಾಗ ಕಾಗದ, ಕಚೇರಿ. ಆ ಅಕ್ಕ ಖಾಲಿ ಕೈ, ಹೊಸಾ ಸೀರಿ, ಬೀಗರ ಮನಿ.” ಮೇಡಂ ಆಮೇಲೆ ಕೇಳಿ ತಾಳೆ ನೋಡಿದರೆ ಬಹುಪಾಲು ಸರಿ ಇರುತ್ತಿತ್ತು. ಚಾಚಾ ಮಾತ್ರ ಒಪ್ಪುತ್ತಿರಲಿಲ್ಲ. “ಇಸ್ಕು ಕ್ಯಾ ಮಾಲೂಮ್”, ಇವನಿಗೇನು ಗೊತ್ತು ಎಂದು ಮುಖ ತಿರುಗಿಸುತ್ತಿದ್ದರು.

ಹೊಸ ಲೆಕ್ಕದಲ್ಲಿ ಕಂಡದ್ದು ಬೇರೆಯೇ ಚಿತ್ರ. ಇಳಿದವರಲ್ಲಿ ಬಹಳ ಮಂದಿ ಹುಮನಾಬಾದಿಗೆ ಬಂದವರೇ ಅಲ್ಲ. ಇಲ್ಲಿ ಇಳಿದು ಬೀದರಿಗೋ ಕಲಬುರಗಿಗೋ ಹೈದರಾಬಾದಿಗೋ ಇನ್ನೊಂದು ಬಸ್ಸು ಹಿಡಿಯುವವರು, ಚಿಟಗುಪ್ಪದ ಬಸ್ಸಿಗೆ ಕಾಯುವವರು. ಅವರಿಗೆ ಬೇಕಾದದ್ದು ಈಜುಕೊಳವಲ್ಲ. ಕೂಡಲು ಇನ್ನಷ್ಟು ಜಾಗ, ಕುಡಿಯಲು ನೀರು, ಹೆಣ್ಣುಮಕ್ಕಳಿಗೆ ಇನ್ನೊಂದು ಶೌಚಾಲಯ. ಕರಡಿನಲ್ಲಿ ಬಡಾವಣೆ ಹೋಗಿ ಇವು ಬಂದವು. ಕಾಲಂಗಳ ಪಟ್ಟಿಗೆ ‘ಮಾತಾಡಲು’ ಎಂಬ ಹೊಸ ಕಾಲಂ ಸೇರಿತು. ಅದರಲ್ಲಿ ನಾವು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಮಂದಿ ಸಿಕ್ಕರು. ಸಂತೆಗೆ ಬಂದೆ ಎಂದು ಶುರುಮಾಡಿದ ಎಷ್ಟೋ ಹೆಣ್ಣುಮಕ್ಕಳು, ಇನ್ನೊಂದು ಪ್ರಶ್ನೆ ಕೇಳಿದರೆ, ಅಕ್ಕನ ಮನೆಗೋ ಗೆಳತಿಯ ಮನೆಗೋ ಬಂದವರು. ಯೋಜನೆ ಮೇಲಕ್ಕೆ ಹೋಗಿದೆ. ಬೆಂಚುಗಳು ಇನ್ನೂ ಬಂದಿಲ್ಲ, ಬರುತ್ತವೆ ಎನ್ನುತ್ತಾರೆ.

ಆ ಸಮೀಕ್ಷೆಯ ಕೊನೆಯ ದಿನ ಒಂದು ಘಟನೆ ನಡೆಯಿತು. ಬಸವಕಲ್ಯಾಣದ ಬಸ್ಸು ಬಂತು, ಜನ ಇಳಿದರು, ಬಸ್ಸು ಸ್ಟ್ಯಾಂಡಿನಿಂದ ಹೊರಟುಹೋಯಿತು. ಟ್ಯಾಬಿನ ಬ್ಯಾಟರಿ ಮುಗಿದಿದ್ದರಿಂದ ಮೇಡಂ ಎಣಿಸಿರಲಿಲ್ಲ.

“ಹನ್ನೊಂದು” ಎಂದ ಮಾವ.

“ಬಾರಾ” ಎಂದರು ಚಾಚಾ. ಅಂದರೆ ಹನ್ನೆರಡು.

“ಹನ್ನೊಂದು. ಆ ಹಸರ ಸೀರಿ ಅಕ್ಕ ಇಳಿದಂಗ ಮಾಡಿ ಮತ್ತ ಹತ್ತಿದ್ಲು.”

“ಉತರೀ ಥೀ! ದೋನೋ ಪೈರ್ ನೀಚೇ ಥೇ!” ಇಳಿದಿದ್ದಳು, ಎರಡೂ ಕಾಲು ಕೆಳಗಿದ್ದವು ಎಂದು ಚಾಚಾನ ವಾದ.

“ಒಂದ ಕಾಲು!”

ಸುತ್ತ ಜನ ಸೇರಿದರು. ಬಾಳೆಹಣ್ಣಿನ ಗಾಡಿಯವನು ಚಾಚಾನ ಪಕ್ಷ, ಚಹಾದಂಗಡಿಯವನು ಮಾವನ ಪಕ್ಷ. ಮುಂದಿನ ಬಸ್ಸು ಬಂದು ನಿಂತರೂ ಇವರು ಬಿಡಲಿಲ್ಲ. ಮೇಡಂ ಇಬ್ಬರ ಮುಖವನ್ನೂ ನೋಡಿದರು, ನನ್ನ ಮುಖ ನೋಡಿದರು, ಕಾಗದ ತೆಗೆದರು, ಹನ್ನೊಂದೂವರೆ ಎಂದು ಬರೆದು ಇಬ್ಬರಿಂದಲೂ ಸಹಿ ಹಾಕಿಸಿಕೊಂಡರು.